ಆಸ್ಪತ್ರೆಯ ಲೆಕ್ಕವನ್ನು ನಾವೇಕೆ ಕೇಳಬೇಕು?



ಮಾರ್ಚ್ ತಿಂಗಳು ಬಂತೆಂದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಲೆಕ್ಕದ ಗಡಿಬಿಡಿ. ಉಪಕೇಂದ್ರದ ನರ್ಸಮ್ಮನಿಂದ ಹಿಡಿದು ತಾಲೂಕು ಆರೋಗ್ಯಾಧಿಕಾರಿಯವರೆಗೆ ಎಲ್ಲರೂ ವರ್ಷದ ಅಂಕಿ-ಅಂಶ ಹೊಂದಿಸುವುದರಲ್ಲಿ ಮುಳುಗಿರುತ್ತಾರೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಎಷ್ಟು ಜನರಿಗೆ ಮಕ್ಕಳಾಗದಂತೆ ಆಪರೇಷನ್ ಆಯಿತು, ಎಷ್ಟು ಜನರಿಗೆ ವಂಕಿ ಹಾಕಲಾಯಿತು, ಎಷ್ಟು ಗುಳಿಗೆ, ಎಷ್ಟು ನಿರೋಧ್ ಹಂಚಲಾಯಿತು, ಎಲ್ಲವೂ ಲೆಕ್ಕಕ್ಕೆ ಬರಬೇಕು. ಬ್ಯಾಡಗಿಯ ಒಂದು ಹಳ್ಳಿಯ ರಿಜಿಸ್ಟರಿನಲ್ಲಿ ಬರೆದ ಅಂಕಿ ತಾಲೂಕಿಗೆ ಹೋಗುತ್ತದೆ, ಹಾವೇರಿಗೆ ಹೋಗುತ್ತದೆ, ಬೆಂಗಳೂರಿಗೆ ಹೋಗುತ್ತದೆ, ಕೊನೆಗೆ ದಿಲ್ಲಿ ಸೇರುತ್ತದೆ. 2008ರಿಂದ ಈ ಅಂಕಿಗಳೆಲ್ಲ ಕಂಪ್ಯೂಟರಿಗೆ ಏರುತ್ತಿವೆ.

ದಿಲ್ಲಿಯವರೆಗೆ ಹೋಗುವ ಈ ಲೆಕ್ಕ ಒಂದೇ ಒಂದು ಕಡೆಗೆ ಮಾತ್ರ ಬರುವುದಿಲ್ಲ. ಯಾರ ದೇಹದಿಂದ ಆ ಅಂಕಿ ಹುಟ್ಟಿತೋ ಆ ಹೆಣ್ಣುಮಕ್ಕಳ ಕಡೆಗೆ.

"ವರದಕ್ಷಿಣೆ, ಹೊಡೆತ-ಬಡಿತದ ವಿರುದ್ಧ ಬರೆಯುವ ಪತ್ರಿಕೆಗೆ ಕುಟುಂಬ ಯೋಜನೆಯ ಲೆಕ್ಕ ಯಾಕೆ ಬೇಕು?" ಎಂದು ಕೆಲವರು ಕೇಳಬಹುದು. ನಮಗೆ ಇವೆರಡೂ ಬೇರೆಯಲ್ಲ. ಗಂಡುಮಗು ಆಗುವ ತನಕ ಆಪರೇಷನ್ ಬೇಡ ಎನ್ನುವ ಅತ್ತೆ, ವಂಕಿ ಹಾಕಿಸಿಕೊಂಡದ್ದು ಗೊತ್ತಾದರೆ ಕೈ ಎತ್ತುವ ಗಂಡ, ಎರಡನೆಯ ಹೆಣ್ಣು ಹುಟ್ಟಿದಾಗ "ಇವಳ ಮದುವೆಗೆ ಎಷ್ಟು ಕೊಡಬೇಕಾದೀತು" ಎಂದು ಲೆಕ್ಕ ಹಾಕುವ ಮನೆ, ವರ್ಷಾಂತ್ಯದ ಅಂಕಿ ತುಂಬಿಸಲು ಕರೆದೊಯ್ಯುವ ಇಲಾಖೆ: ಎಲ್ಲರೂ ಸೇರಿ ತೀರ್ಮಾನ ಮಾಡುವುದು ಒಂದೇ ದೇಹದ ಮೇಲೆ. ಆ ದೇಹ ಹೊತ್ತವಳನ್ನು ಕೇಳುವವರು ಮಾತ್ರ ಕಡಿಮೆ.

ಲೆಕ್ಕದಲ್ಲಿ ಯಾರಿದ್ದಾರೆ, ಯಾರಿಲ್ಲ?

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇಕಡಾ 57.4 ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಂದಿರು ಆಪರೇಷನ್ ಮಾಡಿಸಿಕೊಂಡದ್ದು ಶೇಕಡಾ 0.0. ಗಂಡಸರ ಆಪರೇಷನ್ ಸುಲಭದ್ದು, ಹೊಟ್ಟೆ ಕೊಯ್ಯುವ ಮಾತಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಸರ್ಕಾರ ಕೊಡುವ ಕೂಲಿ ನಷ್ಟದ ಹಣವೂ ಹೆಂಗಸಿಗಿಂತ ಗಂಡಸಿಗೇ ಹೆಚ್ಚು. ಆದರೂ ಸೊನ್ನೆ! "ಗಂಡಸಿನ ಶಕ್ತಿ ಹೋಗಿಬಿಡುತ್ತದೆ, ಅವನು ದುಡಿಯುವವನು" ಎಂಬ ಮಾತು ಇನ್ನೂ ಸತ್ತಿಲ್ಲ. ಹಾಗಾದರೆ ಬೀಜದ ಹೊಲದಲ್ಲಿ ಬಿಸಿಲಿಗೆ ನಿಂತು ಹೂವಿಗೆ ಹೂವು ಮುಟ್ಟಿಸುವವಳು, ಮೆಣಸಿನಕಾಯಿ ಘಾಟಿನಲ್ಲಿ ಕೂತು ತೊಟ್ಟು ಬಿಡಿಸುವವಳು ದುಡಿಯುವವಳಲ್ಲವೇ?

ಅದೇ ಸಮೀಕ್ಷೆಯ ಇನ್ನೊಂದು ಅಂಕಿ: ನಮ್ಮ ರಾಜ್ಯದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 44.4 ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದಕ್ಕೆ ಮುಂಚಿನ 2015-16ರ ಸಮೀಕ್ಷೆಯಲ್ಲಿ ಹಾಗೆ ಹೇಳಿದವರು ಶೇಕಡಾ 20.6. ನಾಲ್ಕೈದು ವರ್ಷದಲ್ಲಿ ಹೊಡೆತವೇ ಇಮ್ಮಡಿಯಾಯಿತೋ, ಹೇಳುವ ಧೈರ್ಯ ಹೆಚ್ಚಿತೋ, ಕೇಳುವವರು ಸರಿಯಾಗಿ ಕೇಳಿದರೋ? ಅಂಕಿಯೊಂದೇ ಇದನ್ನು ಹೇಳಲಾರದು. ಆದರೆ ಒಂದು ಮಾತು ಖಚಿತ. ಕೇಳಿದರೆ ಉತ್ತರ ಬರುತ್ತದೆ. ಕೇಳದಿದ್ದರೆ ಎಲ್ಲವೂ ಸರಿಯಾಗಿದೆ ಎಂದೇ ಕಾಗದ ಹೇಳುತ್ತದೆ.

ಗುರಿಯ ಹಳೆಯ ಕಥೆ

ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳನ್ನು ಜಗತ್ತಿನಲ್ಲೇ ಮೊದಲು ತೆರೆದದ್ದು ನಮ್ಮ ಮೈಸೂರು ಸಂಸ್ಥಾನ, 1930ರಲ್ಲಿ. ಆಗ ಹಾವೇರಿ ಕಡೆಯ ಊರುಗಳು ಮುಂಬಯಿ ಆಡಳಿತದಲ್ಲಿದ್ದವು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ದೇಶಕ್ಕೆಲ್ಲ ಕುಟುಂಬ ಯೋಜನೆ ಬಂತು. ಹೆಣ್ಣು ತನಗೆ ಬೇಕಾದಾಗ, ಬೇಕಾದಷ್ಟು ಮಕ್ಕಳನ್ನು ಹೆರುವಂತಾಗಬೇಕು ಎಂಬುದು ದೊಡ್ಡ ಆಶಯವೇ. ಹೆರಿಗೆಯ ಮೇಲೆ ಹೆರಿಗೆಯಾಗಿ ಸೊರಗಿದ ನಮ್ಮ ತಾಯಂದಿರು, ಅಜ್ಜಿಯರಿಗೆ ಅದರ ಬೆಲೆ ಗೊತ್ತಿತ್ತು. ಕುಟುಂಬ ಯೋಜನೆಯನ್ನು ನಾವು ವಿರೋಧಿಸುತ್ತಿಲ್ಲ. ನಾವು ವಿರೋಧಿಸುವುದು ಹೆಣ್ಣನ್ನು ಅಂಕಿಯಾಗಿ ನೋಡುವುದನ್ನು.

ಅಂಕಿಯ ಹುಚ್ಚು ಎಲ್ಲಿಗೆ ಮುಟ್ಟಬಲ್ಲದು ಎಂಬುದನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ ದೇಶ ಕಂಡಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು. ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಒತ್ತಾಯದಿಂದ. ಗಂಡಸರು ಸಿಟ್ಟಾದರು, ಸರ್ಕಾರವೇ ಬಿತ್ತು. ಆ ಪಾಠ ಕಲಿತ ಮೇಲೆ ಆಡಳಿತ ಮಾಡಿದ್ದೇನು? ಗುರಿಯನ್ನು ಕೈಬಿಡಲಿಲ್ಲ, ಗಂಡಸರನ್ನು ಕೈಬಿಟ್ಟಿತು. ಆ ಭಾರವೆಲ್ಲ ಹೆಂಗಸಿನ ಹೊಟ್ಟೆಯ ಮೇಲೆ ಬಿತ್ತು.

1990ರ ದಶಕದಲ್ಲಿ ಮಹಿಳಾ ಸಂಘಟನೆಗಳು ಇದನ್ನು ದೊಡ್ಡ ದನಿಯಲ್ಲಿ ಪ್ರಶ್ನಿಸಿದವು. 1994ರ ಕೈರೋ ಸಮ್ಮೇಳನದಲ್ಲಿ ಜಗತ್ತಿನ ದೇಶಗಳು ಹೆಣ್ಣಿನ ಹಕ್ಕು ಮತ್ತು ಆರೋಗ್ಯ ಮೊದಲು ಎಂದು ಒಪ್ಪಿದವು. 1996ರ ಏಪ್ರಿಲಿನಿಂದ ಭಾರತ ಸರ್ಕಾರ ಕುಟುಂಬ ಯೋಜನೆಯ ಗುರಿಗಳನ್ನು ದೇಶದಾದ್ಯಂತ ತೆಗೆದುಹಾಕಿತು. ಆದರೆ ಬಾಗಿಲಿನಿಂದ ಹೊರಗೆ ಹೋದ ಗುರಿ 'ನಿರೀಕ್ಷಿತ ಸಾಧನೆ' ಎಂಬ ಹೊಸ ಹೆಸರಿಟ್ಟುಕೊಂಡು ಕಿಟಕಿಯಿಂದ ಒಳಗೆ ಬಂತು. ಸಭೆಯಲ್ಲಿ ಎಲ್ಲರ ಎದುರು "ನಿಮ್ಮದು ಯಾಕೆ ಕಡಿಮೆ?" ಎಂದು ಕೇಳಿಸಿಕೊಳ್ಳುವವಳು ಮತ್ತೆ ಒಬ್ಬ ಹೆಣ್ಣೇ: ನರ್ಸಮ್ಮ, ಇಲ್ಲವೇ ಆಶಾ. ಗೌರವಧನ ಹೆಚ್ಚಿಸಿ ಎಂದು 2020ರಲ್ಲಿ, ಮತ್ತೆ 2025ರ ಜನವರಿಯಲ್ಲಿ ಬೀದಿಗೆ ಬಂದವರು ಅವರೇ. ನಮ್ಮ ಪ್ರಶ್ನೆ ಅವರ ಮೇಲೆ ಅಲ್ಲ. ಅವರನ್ನೂ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ವ್ಯವಸ್ಥೆಯ ಮೇಲೆ.

ನ್ಯಾಯಾಲಯ ಹೇಳಿದ್ದು

ಲೆಕ್ಕ ಕೇಳುವುದು ನಮ್ಮ ಅಧಿಕಪ್ರಸಂಗವಲ್ಲ, ಅದು ಸುಪ್ರೀಂ ಕೋರ್ಟು ಕೊಟ್ಟ ಹಕ್ಕು. ರಮಾಕಾಂತ ರಾಯ್ ಎಂಬವರು ಹೂಡಿದ ಮೊಕದ್ದಮೆಯಲ್ಲಿ 2005ರ ಮಾರ್ಚ್ 1ರಂದು ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು. ಪ್ರತಿ ರಾಜ್ಯವೂ ಆರು ತಿಂಗಳಿಗೊಮ್ಮೆ ಎಷ್ಟು ಜನರಿಗೆ ಆಪರೇಷನ್ ಆಯಿತು ಎಂಬುದನ್ನಷ್ಟೇ ಅಲ್ಲ, ಅದರಿಂದ ಎಷ್ಟು ಜನ ಸತ್ತರು, ಎಷ್ಟು ಜನರಿಗೆ ತೊಂದರೆಯಾಯಿತು ಎಂಬುದನ್ನೂ ಪ್ರಕಟಿಸಬೇಕು. ಆಪರೇಷನ್ ಆದವರ ವಯಸ್ಸೆಷ್ಟು, ಮಕ್ಕಳೆಷ್ಟು, ಯಾವ ವಿಧಾನ ಎಂಬುದೂ ಲೆಕ್ಕದಲ್ಲಿರಬೇಕು. ನಿಯಮ ಮೀರಿದವರ ಮೇಲೆ ವಿಚಾರಣೆಯಾಗಬೇಕು.

ಆದೇಶ ಬಂದರೂ ಪರಿಸ್ಥಿತಿ ಬದಲಾಯಿತೇ? 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಒಂದು ಶಾಲೆಯಲ್ಲಿ ರಾತ್ರಿ ಹೊತ್ತು, ಬ್ಯಾಟರಿ ಬೆಳಕಿನಲ್ಲಿ, ಶಾಲೆಯ ಡೆಸ್ಕುಗಳ ಮೇಲೆ ಮಲಗಿಸಿ ಎರಡು ತಾಸಿನಲ್ಲಿ 53 ಹೆಂಗಸರಿಗೆ ಆಪರೇಷನ್ ಮಾಡಿದರು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಒಂದೇ ಕ್ಯಾಂಪಿನಲ್ಲಿ 83 ಹೆಂಗಸರಿಗೆ ಆಪರೇಷನ್ ಆಯಿತು. ಅಲ್ಲಿನ ದುರಂತದಲ್ಲಿ 13 ಜನ ಸತ್ತರು. ಎಲ್ಲರೂ ಬಡವರು, ಎಳೆಯ ಮಕ್ಕಳ ತಾಯಂದಿರು. ಆರೋಗ್ಯ ಹಕ್ಕಿನ ಕಾರ್ಯಕರ್ತೆ ದೇವಿಕಾ ಬಿಸ್ವಾಸ್ ಅವರ ಅರ್ಜಿಯ ಮೇಲೆ 2016ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮೂರು ವರ್ಷದೊಳಗೆ ಈ ಕ್ಯಾಂಪುಗಳು ನಿಲ್ಲಬೇಕು, ಗುರಿ ಹಾಕಿ ಜನರನ್ನು ಒತ್ತಾಯಿಸುವಂತಿಲ್ಲ, ಆಪರೇಷನ್ನಿನ ಪರಿಣಾಮವನ್ನು ಆಯಾ ಜನರ ಭಾಷೆಯಲ್ಲಿ ತಿಳಿಸಿ ಹೇಳಬೇಕು, ಪರಿಹಾರದ ಮೊತ್ತ ಗಣನೀಯವಾಗಿ ಹೆಚ್ಚಬೇಕು, ಜಿಲ್ಲೆ ಮತ್ತು ರಾಜ್ಯದ ಗುಣಮಟ್ಟ ಸಮಿತಿಗಳ ವರದಿ ಸಾರ್ವಜನಿಕವಾಗಬೇಕು. ಆ ವರದಿಯಲ್ಲಿ ಬರೀ ಅಂಕಿ ಇದ್ದರೆ ಸಾಲದು, ಸಮಿತಿ ಎಷ್ಟು ಸಲ ಸೇರಿತು, ಏನು ತೀರ್ಮಾನ ಮಾಡಿತು ಎಂಬುದೂ ಇರಬೇಕು ಎಂದಿತು ನ್ಯಾಯಾಲಯ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಸಂಘದ ಅಕ್ಕಂದಿರೇ, ಇಂಥದೊಂದು ವಾರ್ಷಿಕ ವರದಿಯನ್ನು ನಿಮ್ಮ ಗ್ರಾಮಸಭೆಯಲ್ಲಿ ಯಾರಾದರೂ ಓದಿ ಹೇಳಿದ್ದುಂಟೇ?

ಸೊನ್ನೆಯ ಅರ್ಥವೇನು?

ತಿಂಗಳ ವರದಿಯಲ್ಲಿ ಆಪರೇಷನ್ನಿನ ನಂತರದ ತೊಂದರೆಗೂ ಕಾಲಮ್ಮು ಇದೆ, ಆಪರೇಷನ್ ವಿಫಲವಾದದ್ದಕ್ಕೂ ಇದೆ, ಸಾವಿಗೂ ಇದೆ. ಅಲ್ಲಿ ಸೊನ್ನೆ ಇದ್ದರೆ ಯಾರಿಗೂ ತೊಂದರೆಯಾಗಿಲ್ಲ ಎಂದು ಅರ್ಥವೇ? ಆಗಿರಬಹುದು. ತೊಂದರೆಯಾದವಳು ಮತ್ತೆ ಆ ಆಸ್ಪತ್ರೆಗೆ ಹೋಗಲಿಲ್ಲ ಎಂದೂ ಇರಬಹುದು. ಹೋದರೂ ಯಾರೂ ಬರೆದುಕೊಳ್ಳಲಿಲ್ಲ ಎಂದೂ ಇರಬಹುದು. ಕೀವಾಗಿ ಜ್ವರ ಬಂದವಳು ಪೇಟೆಯ ಖಾಸಗಿ ದವಾಖಾನೆಗೆ ಹೋಗುತ್ತಾಳೆ. ಸಾವಿರಾರು ರೂಪಾಯಿ ಸಾಲ ಮಾಡುತ್ತಾಳೆ. ಅವಳ ನೋವು ಸರ್ಕಾರದ ರಿಜಿಸ್ಟರಿಗೆ ಮುಟ್ಟುವುದೇ ಇಲ್ಲ.

ಆಪರೇಷನ್ ವಿಫಲವಾಗುವ ವಿಷಯವಂತೂ ನಮ್ಮ ಪತ್ರಿಕೆಗೆ ನೇರವಾಗಿ ಸಂಬಂಧಿಸಿದ್ದು. ಹೆಣ್ಣಿನ ಆಪರೇಷನ್ ಬಹಳ ಭದ್ರವಾದ ವಿಧಾನವೇ. ಆದರೂ ಮೊದಲ ವರ್ಷದಲ್ಲಿ 200 ಜನರಲ್ಲಿ ಸುಮಾರು ಒಬ್ಬಳಿಗೆ ಗರ್ಭ ನಿಲ್ಲಬಹುದು. ಇದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸತ್ಯ. ಮನೆಯವರಿಗೆ ಗೊತ್ತಿಲ್ಲದ ಸತ್ಯ. "ಆಪರೇಷನ್ ಆದ ಮೇಲೂ ಬಸುರಾದಳು" ಎಂದರೆ ಮೊದಲು ಏಳುವುದು ಅವಳ ಶೀಲದ ಮೇಲಿನ ಮಾತು. ಅಲ್ಲಿಂದ ಹೊಡೆತ, ತವರಿಗೆ ಅಟ್ಟುವುದು, ಬಿಟ್ಟುಬಿಡುವ ಬೆದರಿಕೆ. ತಪ್ಪು ಅವಳದ್ದಲ್ಲ. ಹೀಗಾಗಬಹುದು ಎಂದು ಮೊದಲೇ ಗಂಡ ಹೆಂಡತಿ ಇಬ್ಬರಿಗೂ ತಿಳಿಹೇಳಬೇಕಿತ್ತು. ಆಸ್ಪತ್ರೆಯವರು ಅದನ್ನು 'ವಿಫಲ' ಎಂದು ಬರೆದು ಸಹಿ ಹಾಕಿದ ಒಂದು ಕಾಗದ ಅವಳ ಮಾನ ಉಳಿಸುತ್ತದೆ, ಜೀವವನ್ನೂ ಉಳಿಸಬಹುದು. ಆ ಕಾಲಮ್ಮಿನಲ್ಲಿ ಬರೆಯುವ ಒಂದು ಅಂಕಿಗೆ ಇಷ್ಟು ಬೆಲೆ ಇದೆ. ಇಂಥವರಿಗಾಗಿ ಸರ್ಕಾರದ ಕುಟುಂಬ ಯೋಜನೆ ನಷ್ಟಪರಿಹಾರ ಯೋಜನೆಯೂ ಇದೆ. ವಿಫಲತೆ, ತೊಂದರೆ, ಸಾವು ಮೂರಕ್ಕೂ ಅದರಲ್ಲಿ ಪರಿಹಾರವಿದೆ. ಅರ್ಜಿಯನ್ನು 90 ದಿನದೊಳಗೆ ಕೊಡಬೇಕು. ಒಪ್ಪಿಗೆ ಪತ್ರ, ಆಪರೇಷನ್ ಆದ ಪ್ರಮಾಣ ಪತ್ರ ಇವನ್ನು ಟ್ರಂಕಿನ ತಳದಲ್ಲಿ ಭದ್ರವಾಗಿಡಿ.

ರಾಣೇಬೆನ್ನೂರು ಕಲಿಸಿದ ಪಾಠ

ಲೆಕ್ಕ ಬಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ರಾಣೇಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ 2010ರ ದಶಕದಲ್ಲಿ ಅಗತ್ಯವಿಲ್ಲದಿದ್ದರೂ ಹೆಂಗಸರ ಗರ್ಭಚೀಲ ತೆಗೆಯಲಾಯಿತು ಎಂಬ ದೂರು ಎದ್ದಿತು. ಒಬ್ಬಿಬ್ಬರದಲ್ಲ, ಸಾವಿರಕ್ಕೂ ಹೆಚ್ಚು ಮಹಿಳೆಯರ ವಿಷಯ ಅದು ಎಂದು ಪತ್ರಿಕೆಗಳು ಬರೆದವು. ಅವರಲ್ಲಿ ಅನೇಕರು ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ಕೂಲಿ ಮಾಡಿ ಬದುಕುವವರು. ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರು. 2022ರಲ್ಲಿ ಅವರು ಪರಿಹಾರ ಕೇಳಿ ಶಿಗ್ಗಾವಿಯ ದಾರಿ ಹಿಡಿದು ನಡೆದರು. ಆಗಿನ ಮುಖ್ಯಮಂತ್ರಿಗಳ ಕ್ಷೇತ್ರ ಅದೇ ಆಗಿತ್ತು. ಕಲಬುರಗಿಯ ಖಾಸಗಿ ಆಸ್ಪತ್ರೆಗಳ ಮೇಲೆಯೂ 2015ರಲ್ಲಿ ಇಂಥದೇ ದೂರು ಬಂದಿತ್ತು.

ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಮೂವತ್ತರ ಹೆಣ್ಣು ಒಮ್ಮೆಲೇ ಮುಟ್ಟು ನಿಂತವಳಾಗುತ್ತಾಳೆ. ಮೂಳೆ ಸವೆಯುತ್ತದೆ, ಹೃದಯದ ತೊಂದರೆಯ ಅಪಾಯ ಹೆಚ್ಚುತ್ತದೆ. ಕೂಲಿಗೆ ಹೋಗಲಾರದವಳನ್ನು ಮನೆಯಲ್ಲಿ ಹೇಗೆ ಕಾಣುತ್ತಾರೆ ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ನಾವು ಕೇಳಬೇಕಾದ ಪ್ರಶ್ನೆ ಇದು. ಪ್ರತಿ ಆಪರೇಷನ್ನೂ ಥಿಯೇಟರಿನ ರಿಜಿಸ್ಟರಿನಲ್ಲಿ ದಾಖಲಾಗಬೇಕು. ಅಂದರೆ ಲೆಕ್ಕ ಇತ್ತು. ಆಸ್ಪತ್ರೆಯ ಬಾಗಿಲಲ್ಲಿ "ಈ ವರ್ಷ ಇಷ್ಟು ಗರ್ಭಚೀಲದ ಆಪರೇಷನ್, ಅದರಲ್ಲಿ ನಲವತ್ತು ವರ್ಷದೊಳಗಿನವರು ಇಷ್ಟು" ಎಂದು ವರ್ಷ ವರ್ಷ ಬರೆದು ಹಾಕಿದ್ದರೆ, ಮೊದಲ ವರ್ಷವೇ ಯಾವುದಾದರೂ ತಾಂಡಾದ ಹೆಣ್ಣುಮಗಳು "ಯಾಕೆ ಇಷ್ಟೊಂದು?" ಎಂದು ಕೇಳುತ್ತಿರಲಿಲ್ಲವೇ? 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಚೀಲದ ಆಪರೇಷನ್ ತಡೆಯಲು ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. ಅದರಂತೆ ರಾಷ್ಟ್ರ, ರಾಜ್ಯ, ಜಿಲ್ಲೆ ಮೂರು ಮಟ್ಟದಲ್ಲೂ ಉಸ್ತುವಾರಿ ಸಮಿತಿ ಇರಬೇಕು. ನಮ್ಮ ಜಿಲ್ಲೆಯ ಸಮಿತಿಯಲ್ಲಿ ಯಾರಿದ್ದಾರೆ, ಅದು ಎಂದು ಸೇರಿತು ಎಂದು ಕೇಳುವ ಹಕ್ಕು ನಮಗಿದೆ.

ಲೆಕ್ಕ ಬೇಕು, ಹೆಸರು ಬೇಡ

ಇಲ್ಲಿ ಒಂದು ಎಚ್ಚರದ ಮಾತು. ಲೆಕ್ಕ ಸಾರ್ವಜನಿಕವಾಗಲಿ ಎಂದರೆ ಹೆಸರಿನ ಪಟ್ಟಿ ಓದಿ ಎಂದಲ್ಲ. ಅರ್ಹ ದಂಪತಿಗಳ ರಿಜಿಸ್ಟರಿನಲ್ಲಿ ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾರು ಏನು ಬಳಸುತ್ತಾರೆ ಎಂಬುದೆಲ್ಲ ಇರುತ್ತದೆ. ಗಂಡನಿಗೆ ಹೇಳದೆ ವಂಕಿ ಹಾಕಿಸಿಕೊಂಡ ಒಬ್ಬ ಹೆಣ್ಣುಮಗಳ ಹೆಸರು ಹೊರಗೆ ಬಿದ್ದರೆ ಆ ರಾತ್ರಿ ಅವಳ ಗತಿ ಏನು? ಎಷ್ಟು ಎಂಬುದು ಊರಿಗೆ ತಿಳಿಯಲಿ, ಯಾರು ಎಂಬುದು ಆಸ್ಪತ್ರೆಯೊಳಗೇ ಉಳಿಯಲಿ. ಸಣ್ಣ ಹಳ್ಳಿ, ತಾಂಡಾಗಳಲ್ಲಿ ಅಂಕಿ ಹೇಳಿದರೂ ಆಳು ಗೊತ್ತಾಗುವಂತಿದ್ದರೆ ಇಡೀ ಪ್ರಾಥಮಿಕ ಆರೋಗ್ಯ ಕೇಂದ್ರದ ಲೆಕ್ಕವನ್ನು ಒಟ್ಟಾಗಿ ಕೇಳೋಣ.

ಇನ್ನೊಂದು ಮಾತನ್ನು ಎಲ್ಲ ಸಂಘಗಳಲ್ಲೂ ಓದಿ ಹೇಳಿ. ಹೆಣ್ಣು ತನ್ನ ಆಪರೇಷನ್ನಿಗೆ ತಾನೇ ಒಪ್ಪಿಗೆ ಕೊಟ್ಟರೆ ಸಾಕು, ಗಂಡನ ಸಹಿ ಬೇಕಾಗಿಲ್ಲ ಎಂದು ಸರ್ಕಾರದ ನಿಯಮವೇ ಹೇಳುತ್ತದೆ. 1971ರ ಕಾಯ್ದೆಯಂತೆ ವಯಸ್ಕ ಹೆಣ್ಣಿನ ಗರ್ಭಪಾತಕ್ಕೂ ಗಂಡನ ಸಹಿ ಬೇಡ. "ಯಜಮಾನರನ್ನು ಕರೆದುಕೊಂಡು ಬಾ" ಎಂದು ಯಾರಾದರೂ ಹೇಳಿದರೆ ಅದು ರೂಢಿ, ಕಾನೂನಲ್ಲ.

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆ ಹೇಳಿ ಗಾಯವನ್ನು ಮುಚ್ಚುವ ಕಾಲ ಮುಗಿಯಬೇಕು. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾಯ್ದೆ ಆಸ್ಪತ್ರೆಗಳಿಗೂ ಹೊಣೆ ಹೊರಿಸಿದೆ. ಪೆಟ್ಟು ತಿಂದು ಬಂದವಳಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಆಕೆ ಅದಕ್ಕೆ ಮೊದಲು ದೂರು ಕೊಟ್ಟಿರದಿದ್ದರೂ ಆಸ್ಪತ್ರೆಯವರೇ ಘಟನೆಯ ವರದಿ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು, ಪರೀಕ್ಷೆಯ ವರದಿಯ ಪ್ರತಿಯನ್ನು ಆಕೆಗೆ ಪುಕ್ಕಟೆಯಾಗಿ ಕೊಡಬೇಕು. ನಮ್ಮಲ್ಲಿ ಸಂರಕ್ಷಣಾಧಿಕಾರಿ ಎಂದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ವರ್ಷದಲ್ಲಿ ಅಂಥ ಎಷ್ಟು ವರದಿಗಳು ಆಸ್ಪತ್ರೆಯಿಂದ ಹೋದವು? ಇದೂ ನಾವು ಕೇಳಬೇಕಾದ ಲೆಕ್ಕ.

ಸಂಘಗಳು ಏನು ಮಾಡಬಹುದು?

ಲೆಕ್ಕ ಎಂದರೆ ಹೆದರುವವರಲ್ಲ ನಾವು. ವಾರ ವಾರ ಉಳಿತಾಯ ಬರೆದು, ಸಾಲ ಬರೆದು, ಬಡ್ಡಿ ಲೆಕ್ಕ ಹಾಕಿ, ಎಲ್ಲರೆದುರು ಓದಿ ಹೇಳುವವರು. ಹತ್ತು ರೂಪಾಯಿ ಹೆಚ್ಚು ಕಡಿಮೆಯಾದರೆ ಸಭೆ ಮುಗಿಯಗೊಡದವರು. ಅದೇ ಗಟ್ಟಿತನವನ್ನು ಆಸ್ಪತ್ರೆಯ ಬಾಗಿಲಿಗೂ ಒಯ್ಯೋಣ.

ಪ್ರತಿ ಏಪ್ರಿಲ್-ಮೇ ತಿಂಗಳಲ್ಲಿ, ನಾಲ್ಕೈದು ಸಂಘಗಳು ಸೇರಿ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಒಂದು ಅರ್ಜಿ ಬರೆಯಿರಿ. ಕಳೆದ ವರ್ಷ ಹೆಂಗಸರ ಆಪರೇಷನ್ ಎಷ್ಟು, ಗಂಡಸರದ್ದು ಎಷ್ಟು? 25 ವರ್ಷದೊಳಗಿನವರು ಎಷ್ಟು ಜನ? ವಂಕಿ ಹಾಕಿಸಿಕೊಂಡವರೆಷ್ಟು, ತೆಗೆಸಿಕೊಂಡವರೆಷ್ಟು? ತೊಂದರೆ, ವಿಫಲತೆ, ಸಾವು ಎಷ್ಟು? ಪರಿಹಾರಕ್ಕೆ ಬಂದ ಅರ್ಜಿ ಎಷ್ಟು, ಹಣ ಸಿಕ್ಕಿದ್ದು ಎಷ್ಟು ಜನರಿಗೆ? ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇವುಗಳ ಜೊತೆ ಗರ್ಭಚೀಲದ ಆಪರೇಷನ್ನಿನ ಲೆಕ್ಕವನ್ನೂ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ದಾಟಬಾರದು ಎಂಬ ನಿಯಮವಿದೆ. ಅದಕ್ಕೆ ಪ್ರಶ್ನೆಗಳನ್ನು ಸಂಘ ಸಂಘಕ್ಕೆ ಹಂಚಿಕೊಳ್ಳಿ.

ಬಂದ ಉತ್ತರವನ್ನು ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯಲ್ಲಿ, ಗ್ರಾಮಸಭೆಯಲ್ಲಿ ಓದಿ ಹೇಳಿ. ಗಂಡಸರ ಸಾಲಿನ ಸೊನ್ನೆಯನ್ನು ಎರಡು ಸಲ ಓದಿ.

ಕೊನೆಯದಾಗಿ, ನಮ್ಮದೇ ಪುಸ್ತಕಗಳನ್ನು ತೆರೆಯೋಣ. ಸಂಘದ ಸಾಲದ ಪುಸ್ತಕದಲ್ಲಿ 'ಕಾರಣ' ಎಂಬ ಕಡೆ 'ದವಾಖಾನೆ ಖರ್ಚು' ಎಂದು ಬರೆದದ್ದು ವರ್ಷದಲ್ಲಿ ಎಷ್ಟಿದೆ? ಅದರಲ್ಲಿ ಆಪರೇಷನ್ನಿನ ನಂತರದ ತೊಂದರೆ ಎಷ್ಟು, ಹೊಡೆತದ ಗಾಯ ಎಷ್ಟು? ಹೆಸರು ಬಿಟ್ಟು ಅಂಕಿ ಮಾತ್ರ ಕೂಡಿಸಿ. ಆಸ್ಪತ್ರೆಯವರು ಸೊನ್ನೆ ಎಂದು ಬರೆದ ಕಾಗದದ ಪಕ್ಕದಲ್ಲಿ ನಮ್ಮ ಸಾಲದ ಪುಸ್ತಕ ಇಟ್ಟು ನೋಡೋಣ. ಎರಡೂ ಹೊಂದಿದರೆ ಸಂತೋಷ. ಹೊಂದದಿದ್ದರೆ ಆ ನಡುವಿನ ಅಂತರದಲ್ಲಿ ಇರುವವರು ನಮ್ಮ ಅಕ್ಕತಂಗಿಯರು. ಅವರ ಪರವಾಗಿ ಮಾತಾಡುವ ಕೆಲಸ ನಮ್ಮದು.

ನಿಮ್ಮ ಊರಿನ ಲೆಕ್ಕ ಸಿಕ್ಕ ಮೇಲೆ ನಮಗೂ ಬರೆದು ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಒಂದೊಂದು ಊರಿನದನ್ನು ಪ್ರಕಟಿಸೋಣ.